ಮಾಸಾಶನ, ವಂತಿಗೆ, ಪರಿಹಾರ: ಕುಂದಾಪುರ ಸೀಮೆಯಲ್ಲಿ ಅಂಗವೈಕಲ್ಯ ಹಾಗೂ ಅನಾರೋಗ್ಯದ ನೆರವು ಮತ್ತು ಅದರ ಕಡಿತದ ಆತಂಕ

ಪೀಠಿಕೆ

ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿ ಕಡಲಿಗೂ ಘಟ್ಟಕ್ಕೂ ನಡುವೆ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳು ಹಬ್ಬಿವೆ. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಜಿಲ್ಲೆ ರಚನೆಯಾದಾಗ ಅದರಲ್ಲಿದ್ದುದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳು. 2018ರಲ್ಲಿ ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಬೇರೆಯಾಗಿ ಪ್ರತ್ಯೇಕ ತಾಲೂಕುಗಳಾದವು. ಕುಂದಗನ್ನಡದ ಈ ಸೀಮೆಯನ್ನು ವಿದ್ವತ್ ವಲಯವು ಬಾರಕೂರು, ಬಸರೂರುಗಳ ಶಾಸನಗಳಿಂದ, ಬಡಗುತಿಟ್ಟಿನ ಯಕ್ಷಗಾನದಿಂದ, ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಬರವಣಿಗೆಯಿಂದ ಬಲ್ಲದು. ಆದರೆ ಇದೇ ಸೀಮೆ ಹೆಂಚಿನ ಕಾರ್ಖಾನೆಗಳ, ಗೇರುಬೀಜ ಕಾರ್ಖಾನೆಗಳ, ಬೀಡಿ ಕಟ್ಟುವ ಮನೆಗಳ, ಮೀನುಗಾರಿಕಾ ದೋಣಿಗಳ ಹಾಗೂ ಗೇರು ನೆಡುತೋಪುಗಳ ನಾಡೂ ಹೌದು. ದುಡಿಯುವ ದೇಹವೇ ಬದುಕಿನ ಬಂಡವಾಳವಾಗಿರುವ ಇಂತಹ ಪ್ರದೇಶದಲ್ಲಿ ಆ ದೇಹ ಕುಂದಿದಾಗ ಒದಗುವ ಹಣದ ನೆರವಿನ ಸ್ವರೂಪವೇನು, ಆ ನೆರವು ಯಾವ ಬಗೆಯಲ್ಲಿ ಕಡಿತಗೊಳ್ಳುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ಅಧ್ಯಯನಕ್ಕೆ ಒಳಗಾಗಿಲ್ಲ.

ಈ ಮೂರು ತಾಲೂಕುಗಳಲ್ಲಿ ಅಂಗವೈಕಲ್ಯ ಅಥವಾ ಅನಾರೋಗ್ಯದ ಕಾರಣಕ್ಕಾಗಿ ದೊರೆಯುವ ಹಣ ಮುಖ್ಯವಾಗಿ ಮೂರು ಮೂಲಗಳಿಂದ ಬರುತ್ತದೆ. ಮೊದಲನೆಯದು ಕಂದಾಯ ಇಲಾಖೆಯ ಮೂಲಕ ಬಡವರಿಗೆ ಸಲ್ಲುವ ಮಾಸಾಶನ. ಎರಡನೆಯದು ಕಾರ್ಮಿಕರು ತಮ್ಮ ಕೂಲಿಯಿಂದ ತೆತ್ತ ವಂತಿಗೆಗೆ ಪ್ರತಿಯಾಗಿ ಪಡೆಯುವ ವಿಮಾ ಸೌಲಭ್ಯ. ಮೂರನೆಯದು ಎಂಡೋಸಲ್ಫಾನ್ ಸಿಂಪಡಣೆಯಿಂದ ಬಾಧಿತರಾದವರಿಗೆ ನ್ಯಾಯಾಲಯದ ಮಧ್ಯಪ್ರವೇಶದ ಬಳಿಕ ಸಲ್ಲುತ್ತಿರುವ ಪರಿಹಾರ. ಹಣದ ಹೆಸರು ಬೇರೆಯಾದಂತೆ ಅದರ ಮೇಲಿನ ಹಕ್ಕಿನ ಬಲವೂ ಬೇರೆಯಾಗುತ್ತದೆ. ಆದರೆ ಕಡಿತವು ಮೂರನ್ನೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ತಲುಪುತ್ತದೆ. ಸರ್ಕಾರದ ಒಂದು ಆದೇಶದಿಂದ ಮೊತ್ತ ಇಳಿಯುವುದು ವಿರಳ; ಅಳತೆ, ಎಣಿಕೆ ಮತ್ತು ಪಟ್ಟಿಗಳ ಮೂಲಕ ಹಣ ಕೈತಪ್ಪುವುದೇ ಹೆಚ್ಚು. ಈ ಅಂಶವನ್ನು ವಿಶದಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪದಗಳ ಹಿನ್ನೆಲೆ

ಮೂರು ಪದಗಳ ಅರ್ಥವನ್ನು ಮೊದಲು ಗಮನಿಸುವುದು ಉಚಿತ. ‘ಮಾಸಾಶನ’ ಎಂಬುದು ಮಾಸ ಮತ್ತು ಅಶನ ಎಂಬ ಎರಡು ಸಂಸ್ಕೃತ ಶಬ್ದಗಳ ಸಂಧಿರೂಪ. ಅಶನವೆಂದರೆ ಊಟ, ತಿಂಗಳ ಊಟಕ್ಕೆಂದು ಕೊಡುವುದು ಮಾಸಾಶನ. ಕಷ್ಟದಲ್ಲಿರುವ ಹಿರಿಯ ಸಾಹಿತಿ ಕಲಾವಿದರಿಗೆ ಸಂಸ್ಕೃತಿ ಇಲಾಖೆ ಕೊಡುವ ಹಣಕ್ಕೂ ಇದೇ ಹೆಸರಿದೆ. ಕೊಡುವವರ ಔದಾರ್ಯ ಮತ್ತು ಪಡೆಯುವವರ ಅಗತ್ಯ ಎರಡನ್ನೂ ಈ ಪದ ಸೂಚಿಸುತ್ತದೆ. ಪಡೆಯುವವರ ಹಕ್ಕನ್ನು ಸೂಚಿಸುವುದಿಲ್ಲ. ಕಂದಾಯ ಕಚೇರಿಯ ಕಡತಗಳಲ್ಲಿ ಇದೇ ಹಣಕ್ಕೆ ‘ಅಂಗವಿಕಲ ವೇತನ’ ಎಂಬ ಹೆಸರೂ ಬಳಕೆಯಲ್ಲಿದೆ. ವೇತನವೆಂದರೆ ಮಾಡಿದ ಕೆಲಸಕ್ಕೆ ಸಲ್ಲುವ ಸಂಬಳ. ಕೆಲಸ ಮಾಡಲಾಗದವರಿಗೆ ಕೊಡುವ ಹಣವನ್ನು ಸಂಬಳವೆಂದು ಕರೆದುದರಲ್ಲಿ ಒಂದು ಬಗೆಯ ಗೌರವವಿದೆಯಾದರೂ ಸಂಬಳಕ್ಕಿರುವ ಕಾನೂನಿನ ರಕ್ಷಣೆ ಇದಕ್ಕಿಲ್ಲ.

‘ವಂತಿಗೆ’ ಕರಾವಳಿಯ ಜನರಿಗೆ ಹೊಸ ಪದವಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಊರಿನ ಉತ್ಸವಕ್ಕೆ ಮನೆಮನೆಯಿಂದ ಸಲ್ಲುವ ಪಾಲು ವಂತಿಗೆ. ವಂತಿಗೆ ಕೊಟ್ಟವನಿಗೆ ಲೆಕ್ಕ ಕೇಳುವ ಅಧಿಕಾರವುಂಟು. ಕಾರ್ಮಿಕ ರಾಜ್ಯ ವಿಮಾ ಯೋಜನೆಯಲ್ಲಿ ಕೂಲಿಯಿಂದ ಕಡಿತವಾಗುವ ಹಣಕ್ಕೂ ಕನ್ನಡದಲ್ಲಿ ಇದೇ ಪದ ನಿಂತಿದೆ. ‘ಪರಿಹಾರ’ವಂತೂ ಶಾಸನಗಳ ಕಾಲದಿಂದ ಬಂದ ಪದ. ದತ್ತಿಭೂಮಿಯನ್ನು ‘ಸರ್ವಬಾಧಾಪರಿಹಾರ’ವಾಗಿ ಕೊಡುವುದೆಂದರೆ ಅದರ ಮೇಲೆ ತೆರಿಗೆ ಮೊದಲಾದ ಯಾವ ಬಾಧೆಯೂ ಉಳಿಯದಂತೆ ಕೊಡುವುದು. ಇಂದಿನ ಬಳಕೆಯಲ್ಲಿ ಪರಿಹಾರವೆಂದರೆ ಒಬ್ಬರಿಂದ ಆದ ಹಾನಿಗೆ ಅವರೇ ತೆರಬೇಕಾದ ಬೆಲೆ. ಇಲ್ಲಿ ಔದಾರ್ಯದ ಪ್ರಶ್ನೆಯಿಲ್ಲ, ಹೊಣೆಯ ಪ್ರಶ್ನೆಯಿದೆ.

ಪಡೆಯುವವರ ಹೆಸರೂ ಬದಲಾಗುತ್ತ ಬಂದಿದೆ. ಅಂಗಹೀನ, ಅಂಗವಿಕಲ ಎಂಬ ಪದಗಳ ಬಳಿಕ ‘ವಿಕಲಚೇತನ’ ಸರ್ಕಾರಿ ಕನ್ನಡದಲ್ಲಿ ನೆಲೆಗೊಂಡಿತು. ಹೆಸರು ಮೃದುವಾದಷ್ಟು ವೇಗವಾಗಿ ಮೊತ್ತ ಬೆಳೆಯಲಿಲ್ಲ ಎಂಬುದನ್ನು ಮುಂದಿನ ವಿವರಗಳು ತೋರಿಸುತ್ತವೆ.

ಮಾಸಾಶನ: ಶೇಕಡಾವಾರಿನ ಗೆರೆಗಳು

ರಾಜ್ಯದ ಅಂಗವಿಕಲ ಮಾಸಾಶನಕ್ಕೆ ಮೂರು ಬಾಗಿಲುಗಳಿವೆ. ವೈದ್ಯಕೀಯ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇಕಡಾ 40ಕ್ಕೆ ಕಡಿಮೆಯಿರಬಾರದು. ಕುಟುಂಬದ ಆದಾಯ ನಿಗದಿತ ಮಿತಿಯೊಳಗಿರಬೇಕು. ಗುರುತು ಮತ್ತು ಬ್ಯಾಂಕ್ ಖಾತೆಯ ದಾಖಲೆಗಳು ಒಂದಕ್ಕೊಂದು ಹೊಂದಬೇಕು. ಈ ಮೂರರಲ್ಲಿ ಯಾವ ಬಾಗಿಲು ಮುಚ್ಚಿದರೂ ಹಣ ನಿಲ್ಲುತ್ತದೆ.

2021ರ ಜುಲೈನಲ್ಲಿ ರಾಜ್ಯ ಸರ್ಕಾರವು ಶೇಕಡಾ 40ರಿಂದ 75ರವರೆಗಿನ ವೈಕಲ್ಯವುಳ್ಳವರ ಮಾಸಾಶನವನ್ನು ರೂ. 600ರಿಂದ ರೂ. 800ಕ್ಕೆ ಏರಿಸಿತು. ಆ ಬಳಿಕದ ದರಪಟ್ಟಿಯಲ್ಲಿ ಶೇಕಡಾ 75ನ್ನು ಮೀರಿದವರಿಗೆ ರೂ. 1,400 ಮತ್ತು ತೀವ್ರ ಬೌದ್ಧಿಕ ವೈಕಲ್ಯವುಳ್ಳವರಿಗೆ ರೂ. 2,000 ಎಂದಿದೆ. ಹೀಗಾಗಿ ಶೇಕಡಾ 75ರ ಗೆರೆಯ ಈಚೆ ಮತ್ತು ಆಚೆ ಇರುವ ಇಬ್ಬರ ನಡುವೆ ತಿಂಗಳಿಗೆ ರೂ. 600ರ, ವರ್ಷಕ್ಕೆ ರೂ. 7,200ರ ಅಂತರವುಂಟಾಗುತ್ತದೆ. ಶೇಕಡಾ 40ರ ಗೆರೆಯಲ್ಲಂತೂ ಅಂತರವು ಹಣ ಮತ್ತು ಶೂನ್ಯದ ನಡುವಿನದು. ಪ್ರಮಾಣಪತ್ರದ ಮರುಪರಿಶೀಲನೆ ಎಂಬ ಮಾತು ಕೇಳಿದಾಗ ಕುಟುಂಬಗಳು ಕಳವಳಗೊಳ್ಳುವುದಕ್ಕೆ ಕಾರಣ ಇಲ್ಲಿದೆ. ರೋಗಿಯ ಸ್ಥಿತಿ ಒಂದಿಷ್ಟೂ ಸುಧಾರಿಸದೆ, ಅಳೆಯುವ ಕ್ರಮ ಮಾತ್ರ ಬದಲಾಗಿ, ಅಂಕಿ ಗೆರೆಯಿಂದ ಕೆಳಗಿಳಿಯಬಹುದು.

ಅಳೆಯುವ ಕ್ರಮ ಬದಲಾಗುತ್ತ ಬಂದಿರುವುದೂ ನಿಜ. 1995ರ ಕಾಯ್ದೆಯ ಸ್ಥಾನದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಮಾನ್ಯ ಮಾಡಿತು. ವೈಕಲ್ಯದ ಪ್ರಮಾಣವನ್ನು ನಿರ್ಧರಿಸುವ ಮಾರ್ಗಸೂಚಿ 2018ರ ಜನವರಿ 4ರಂದು ಪ್ರಕಟವಾಗಿ, 2024ರಲ್ಲಿ ಮತ್ತೆ ಪರಿಷ್ಕೃತವಾಯಿತು. ಬೌದ್ಧಿಕ ವೈಕಲ್ಯವನ್ನು 2018ರ ಮಾರ್ಗಸೂಚಿ ಅಳೆದ ರೀತಿ ಇಲ್ಲಿ ಉದಾಹರಣೆಯಾಗಬಲ್ಲದು. ಉಣ್ಣುವುದು, ಉಡುವುದು, ಮಾತಾಡುವುದು, ಜನರೊಡನೆ ಬೆರೆಯುವುದು ಮೊದಲಾದ ದಿನಬಳಕೆಯ ಸಾಮರ್ಥ್ಯಗಳಿಗೆ ಅಂಕ ಕೊಟ್ಟು, ಆ ಅಂಕ 55ರಿಂದ 69ರ ನಡುವೆ ಇದ್ದರೆ ವೈಕಲ್ಯ ಶೇಕಡಾ 50, 36ರಿಂದ 54ರ ನಡುವೆ ಇದ್ದರೆ ಶೇಕಡಾ 75, 21ರಿಂದ 35ರ ನಡುವೆ ಇದ್ದರೆ ಶೇಕಡಾ 90 ಎಂದು ನಿರ್ಧರಿಸಲಾಗುತ್ತದೆ. ಆ ಸಾಮರ್ಥ್ಯಗಳಲ್ಲಿ ಬಹುಪಾಲು ತಾಯಿಯೊಬ್ಬಳ ವರ್ಷಗಳ ಶ್ರಮದಿಂದ ಬಂದವು. ಮಗನಿಗೆ ತಾನೇ ಉಣ್ಣಲು, ಅಂಗಿ ತೊಡಲು ಕಲಿಸಿದ ತಾಯಿ ಆ ಕಾರಣಕ್ಕಾಗಿಯೇ ಅವನ ಮಾಸಾಶನದ ವರ್ಗವನ್ನು ಕಳೆದುಕೊಳ್ಳುವ ಸಂಭವವುಂಟು. ಆಕೆಯ ಶ್ರಮ ಈ ಅಳತೆಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ.

ಪ್ರಮಾಣಪತ್ರ ಪಡೆಯುವ ದಾರಿಯೂ ಸುಗಮವಲ್ಲ. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಏಕರೂಪ ಗುರುತಿನ ಚೀಟಿಯ ಗಣಕ ವ್ಯವಸ್ಥೆಯ ಮೂಲಕವೇ ನೀಡಬೇಕೆಂಬ ನಿಯಮ ಬಂತು. ಪ್ರಮಾಣಪತ್ರ ನೀಡಲು ಮೊದಲು ಒಂದು ತಿಂಗಳಿದ್ದ ಕಾಲಮಿತಿಯನ್ನು 2024ರ ತಿದ್ದುಪಡಿ ನಿಯಮಗಳು ಮೂರು ತಿಂಗಳಿಗೆ ಹೆಚ್ಚಿಸಿದವು. ಬ್ರಹ್ಮಾವರದಿಂದ ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಅರ್ಧ ಗಂಟೆಯ ಬಸ್ಸಿನ ದಾರಿ. ಬೈಂದೂರಿನಿಂದ ಸುಮಾರು 70 ಕಿಲೋಮೀಟರ್. ಘಟ್ಟದ ಬುಡದ ಜಡ್ಕಲ್, ಮುದೂರುಗಳಂತಹ ಊರುಗಳಿಂದ ಹೊರಟವರಿಗೆ ಹೆದ್ದಾರಿಯನ್ನು ತಲುಪುವುದೇ ಒಂದು ಪ್ರಯಾಣ. ಹಾಸಿಗೆ ಹಿಡಿದವರನ್ನು ಬಾಡಿಗೆ ವಾಹನದಲ್ಲಿ ಕರೆದೊಯ್ಯುವ ವೆಚ್ಚ ಹಲವು ತಿಂಗಳ ಮಾಸಾಶನಕ್ಕೆ ಸಮವಾಗುತ್ತದೆ. ತಜ್ಞ ವೈದ್ಯರು ಅಂದು ಲಭ್ಯರಿಲ್ಲದಿದ್ದರೆ ಆ ವೆಚ್ಚ ಇಮ್ಮಡಿಯಾಗುತ್ತದೆ.

ಎರಡನೆಯ ಬಾಗಿಲಾದ ಆದಾಯದ ಮಿತಿ ವ್ಯಕ್ತಿಯನ್ನು ಬಿಟ್ಟು ಕುಟುಂಬವನ್ನು ಅಳೆಯುತ್ತದೆ. ಕುಂದಾಪುರ ಸೀಮೆಯ ಎಷ್ಟೋ ಮನೆಗಳ ಗಂಡುಮಕ್ಕಳು ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವವರು. ಅವರು ಕಳುಹಿಸುವ ಹಣದಿಂದ ಮನೆಯ ಆದಾಯ ಕಾಗದದಲ್ಲಿ ಏರುತ್ತದೆ; ಮನೆಯಲ್ಲಿರುವ ಅಂಗವಿಕಲ ಸೋದರ ಅಥವಾ ಸೋದರಿಯ ಕೈಗೆ ಅದರಲ್ಲಿ ಏನೂ ಬರಬೇಕೆಂದಿಲ್ಲ. ಮಾಸಾಶನವು ಅವರ ಸ್ವಂತದ್ದೆನ್ನಬಹುದಾದ ಏಕೈಕ ಹಣವಾಗಿರುವ ಸಂದರ್ಭಗಳುಂಟು. 2024ರ ನವೆಂಬರಿನಲ್ಲಿ ರಾಜ್ಯದಾದ್ಯಂತ ಬಿ.ಪಿ.ಎಲ್. ಪಡಿತರ ಚೀಟಿಗಳ ರದ್ದತಿ ವಿವಾದಕ್ಕೆ ಗುರಿಯಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರನ್ನುಳಿದು ಮಿಕ್ಕವರ ಚೀಟಿಗಳನ್ನು ಮರಳಿಸುವುದಾಗಿ ಸರ್ಕಾರ ಪ್ರಕಟಿಸಬೇಕಾಯಿತು. ಬಡತನದ ಪಟ್ಟಿಯ ಮೇಲೆ ನಿಂತ ನೆರವು ಆ ಪಟ್ಟಿಯೊಡನೆ ಹೇಗೆ ಅಲುಗಾಡುತ್ತದೆ ಎಂಬುದನ್ನು ಈ ಘಟನೆ ಸ್ಪಷ್ಟಪಡಿಸಿತು.

ಮೂರನೆಯ ಬಾಗಿಲು ಬ್ಯಾಂಕಿನದು. ಹಿಂದೆ ಅಂಚೆಯವರು ಮನಿಯಾರ್ಡರ್ ಹಣವನ್ನು ಮನೆಯ ಜಗಲಿಗೆ ತಂದುಕೊಡುತ್ತಿದ್ದರು. ಖಾತೆಗೆ ನೇರ ಜಮೆಯಾಗುವ ಕ್ರಮದಿಂದ ಸೋರಿಕೆ ತಗ್ಗಿತೆಂಬುದು ನಿಜವೇ. ಆದರೆ ಈ ಜಿಲ್ಲೆಯಲ್ಲೇ ಹುಟ್ಟಿದ ಬ್ಯಾಂಕುಗಳ ವಿಲೀನ ಇಲ್ಲಿನವರಿಗೆ ಒಂದು ವಿಶೇಷ ತೊಡಕನ್ನು ತಂದಿತು. 1906ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, 1925ರಲ್ಲಿ ಅಲ್ಲಿಯೇ ಸ್ಥಾಪನೆಯಾದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ 2020ರ ಏಪ್ರಿಲ್ 1ರಂದು ವಿಲೀನಗೊಂಡವು. ಶಾಖೆಗಳ ಸಂಕೇತಗಳು ಬದಲಾದವು. ಎದ್ದು ನಡೆಯಲಾಗದವರು, ಮಾತು ಬಾರದವರು, ಬೆರಳಚ್ಚು ಹೊಂದದವರು ತಮ್ಮ ಗುರುತನ್ನು ಮತ್ತೊಮ್ಮೆ ಸಾಬೀತುಪಡಿಸಬೇಕಾದ ಸಂದರ್ಭಗಳು ಇಂತಹ ಪ್ರತಿಯೊಂದು ಬದಲಾವಣೆಯೊಡನೆಯೂ ಹುಟ್ಟುತ್ತವೆ.

ಮೊತ್ತವನ್ನು ಏರಿಸದಿರುವುದೂ ಒಂದು ಬಗೆಯ ಕಡಿತವೇ. ಶೇಕಡಾ 80ಕ್ಕೆ ಮೇಲ್ಪಟ್ಟ ವೈಕಲ್ಯವುಳ್ಳ ಬಡವರಿಗೆಂದು 2009ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು 2012ರಲ್ಲಿ ರೂ. 200ರಿಂದ ರೂ. 300 ಆಯಿತು. ಆ ಬಳಿಕ ಒಂದು ದಶಕಕ್ಕೂ ಹೆಚ್ಚು ಕಾಲ ಅದು ಅಲ್ಲಿಯೇ ನಿಂತಿತು. ಅಕ್ಕಿ, ಔಷಧ, ಬಸ್ಸಿನ ದರಗಳು ನಿಲ್ಲಲಿಲ್ಲ. 2016ರ ಕಾಯ್ದೆಯ 24ನೆಯ ಪ್ರಕರಣವು ಅಂಗವಿಕಲರಿಗೆ ಸಲ್ಲುವ ನೆರವು ಇತರರಿಗಿರುವ ಅದೇ ಬಗೆಯ ಯೋಜನೆಗಳ ಮೊತ್ತಕ್ಕಿಂತ ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕೆಂದು ವಿಧಿಸುತ್ತದೆ. 2021ರಲ್ಲಿ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯ ಮೊತ್ತ ರೂ. 1,200 ಆಯಿತು. ಅದನ್ನು ಸಮಾನ ಯೋಜನೆಯೆಂದು ಪರಿಗಣಿಸಿದರೆ ಅಂಗವಿಕಲರಿಗೆ ಸಲ್ಲಬೇಕಾದುದು ರೂ. 1,500. ಅದೇ ವರ್ಷ ನಿಗದಿಯಾದ ರೂ. 800 ಅದರ ಹತ್ತಿರವೂ ಬರುವುದಿಲ್ಲ, ರೂ. 1,400 ಕೂಡ ಅದನ್ನು ಮುಟ್ಟುವುದಿಲ್ಲ. ಇದೇ ಪ್ರಕರಣದಲ್ಲಿ ಸರ್ಕಾರದ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತೂ ಇರುವುದರಿಂದ, ಹಕ್ಕೆಂದು ಬರೆದುದು ಆಚರಣೆಯಲ್ಲಿ ಮತ್ತೆ ಅಶನದ ಅರ್ಥಕ್ಕೇ ಇಳಿದಿದೆ.

ವಂತಿಗೆ: ದುಡಿದ ದಿನಗಳ ಎಣಿಕೆ

ಎರಡನೆಯ ಮೂಲವಾದ ಕಾರ್ಮಿಕ ರಾಜ್ಯ ವಿಮಾ ಯೋಜನೆಯ ಸ್ವರೂಪ ಬೇರೆ. 1948ರ ಕಾಯ್ದೆಯಡಿ ರೂಪುಗೊಂಡು 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾದ ಈ ಯೋಜನೆ ಕ್ರಮೇಣ ದೇಶದ ಇತರ ಕೈಗಾರಿಕಾ ಪ್ರದೇಶಗಳಿಗೆ ಹಬ್ಬಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಕರಾವಳಿಯುದ್ದಕ್ಕೂ ವಿಸ್ತರಿಸಿ ಕುಂದಾಪುರ ಪರಿಸರದಲ್ಲಿಯೂ ನೆಲೆಯೂರಿತ್ತು. ಗೇರುಬೀಜ ಸಂಸ್ಕರಣೆಯ ಕಾರ್ಖಾನೆಗಳು ಸಾವಿರಾರು ಹೆಂಗಸರಿಗೆ ಕೂಲಿ ಕೊಟ್ಟವು. ಹೆಂಚಿನ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಳ್ಳುವುದು, ಗೇರುಸಿಪ್ಪೆಯ ಎಣ್ಣೆಯಿಂದ ಕೈಚರ್ಮ ಸುಡುವುದು ಈ ದುಡಿಮೆಗಳೊಡನೆಯೇ ಬರುವ ಅಪಾಯಗಳು.

ಯೋಜನೆಯ ಸೌಲಭ್ಯಗಳು ಮಾಸಾಶನಕ್ಕಿಂತ ಗಣನೀಯವಾಗಿ ಹೆಚ್ಚು. ಅನಾರೋಗ್ಯದ ಸಂದರ್ಭದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70. ಕ್ಷಯ, ಕ್ಯಾನ್ಸರ್ ಮೊದಲಾದ 34 ದೀರ್ಘ ರೋಗಗಳಿಗೆ ಎರಡು ವರ್ಷದವರೆಗೆ ಶೇಕಡಾ 80. ಕೆಲಸದಲ್ಲಿ ಗಾಯಗೊಂಡು ತಾತ್ಕಾಲಿಕವಾಗಿ ಅಶಕ್ತರಾದರೆ ಶೇಕಡಾ 90. ಶಾಶ್ವತ ವೈಕಲ್ಯವಾದರೆ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿತೋ ಅಷ್ಟರ ಪ್ರಮಾಣದಲ್ಲಿ ಜೀವನಪರ್ಯಂತ ಹಣ. ಕಾನೂನಿನ ಅನುಸೂಚಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ನಷ್ಟ ಶೇಕಡಾ 30, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇಕಡಾ 50. ದಿನಕ್ಕೆ ರೂ. 500 ಕೂಲಿಯಿದ್ದ ಕಾರ್ಮಿಕ ಹೆಬ್ಬೆರಳು ಕಳೆದುಕೊಂಡನೆಂದು ಭಾವಿಸಿದರೆ, ಕೂಲಿಯ ಶೇಕಡಾ 90ಾದ ರೂ. 450ರ ಶೇಕಡಾ 30, ಎಂದರೆ ದಿನಕ್ಕೆ ರೂ. 135, ತಿಂಗಳಿಗೆ ಸುಮಾರು ರೂ. 4,050 ಆಗುತ್ತದೆ. ಅದೇ ಗಾಯ ವಿಮೆಯಿಲ್ಲದ ಗದ್ದೆಯ ಯಂತ್ರದಲ್ಲಿ ಆದರೆ, ವೈಕಲ್ಯ ಶೇಕಡಾ 40ನ್ನು ಮುಟ್ಟದಿದ್ದಾಗ, ಮಾಸಾಶನದ ರೂ. 800 ಕೂಡ ಇಲ್ಲ. ಒಂದೇ ಕೈಗೆ ಎರಡು ಬೆಲೆ ಬರುವುದು ವಂತಿಗೆಯ ಕಾರಣದಿಂದ.

ಆದರೆ ವಂತಿಗೆಯ ಬಲವೂ ಎಣಿಕೆಯೊಂದರ ಮೇಲೆ ನಿಂತಿದೆ. ಅನಾರೋಗ್ಯ ಸೌಲಭ್ಯಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ಕೂಲಿಯಿಂದ ವಂತಿಗೆ ಸಂದಿರಬೇಕು. ತಾರಸಿ ಮನೆಗಳ ಕಾಲದಲ್ಲಿ ಹೆಂಚಿನ ಬೇಡಿಕೆ ಕುಸಿದಿದೆ, ಆವೆಮಣ್ಣು ದುರ್ಲಭವಾಗಿದೆ. ಕಾರ್ಖಾನೆ ವಾರದಲ್ಲಿ ಕೆಲವೇ ದಿನ ನಡೆದರೆ ಕಾರ್ಮಿಕನ ಲೆಕ್ಕ 78ನ್ನು ಮುಟ್ಟುವುದಿಲ್ಲ. ಯಾವ ನಿಯಮವೂ ಬದಲಾಗದೆ, ಯಾರೂ ಆದೇಶ ಹೊರಡಿಸದೆ, ಕಾಯಿಲೆಯ ಕಾಲದ ಹಣ ಇಲ್ಲವಾಗುತ್ತದೆ. ಇನ್ನೊಂದು ತುದಿಯಲ್ಲಿ ವೇತನದ ಮಿತಿಯಿದೆ. 2017ರ ಜನವರಿ 1ರಿಂದ ಅದು ರೂ. 21,000ಕ್ಕೆ ನಿಗದಿಯಾಯಿತು. ಮಿತಿ ನಿಂತಲ್ಲಿ ನಿಂತು ಕೂಲಿ ಏರುತ್ತ ಹೋದರೆ ಹೆಚ್ಚು ಹೆಚ್ಚು ಕಾರ್ಮಿಕರು ಯೋಜನೆಯ ಹೊರಗುಳಿಯುತ್ತಾರೆ. 2019ರ ಜುಲೈಯಿಂದ ಒಟ್ಟು ವಂತಿಗೆಯ ದರವನ್ನು ಶೇಕಡಾ 6.5ರಿಂದ ಶೇಕಡಾ 4ಕ್ಕೆ ಇಳಿಸಲಾಯಿತು. ಇದರಿಂದ ಮಾಲೀಕರಿಗೂ ಕಾರ್ಮಿಕರಿಗೂ ಹೊರೆ ತಗ್ಗಿತೆಂಬುದು ಒಂದು ವಾದ. ಮುಂದೆಂದಾದರೂ ಸೌಲಭ್ಯವನ್ನು ತಗ್ಗಿಸಲು ನಿಧಿಯ ಕೊರತೆಯೇ ನೆಪವಾದೀತೆಂಬುದು ಅದರ ಎದುರಿನ ಆತಂಕ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 1948ರ ಕಾಯ್ದೆಯ ವಿಷಯವನ್ನು ತನ್ನೊಳಗೆ ಸೇರಿಸಿಕೊಂಡಿದೆ. ಸೌಲಭ್ಯದ ದರ ಮತ್ತು ದಿನಗಳ ಲೆಕ್ಕ ನಿಯಮಗಳಲ್ಲಿ ಇರುವುದರಿಂದ ಮೂಲ ಶಾಸನವನ್ನು ಮುಟ್ಟದೆಯೇ ಅವುಗಳನ್ನು ಬದಲಾಯಿಸಬಹುದು ಎಂಬುದನ್ನು ಕಾರ್ಮಿಕರು ಗಮನದಲ್ಲಿಡಬೇಕಾಗಿದೆ.

ಬೀಡಿ ಕಟ್ಟುವ ಹೆಂಗಸರ ಸ್ಥಿತಿ ಈ ಆತಂಕ ಆಧಾರರಹಿತವಲ್ಲವೆಂದು ತೋರಿಸುತ್ತದೆ. 1976ರ ಕಾಯ್ದೆಗಳಡಿ ಬೀಡಿಯ ಮೇಲೆ ವಿಶೇಷ ಸುಂಕ ವಿಧಿಸಿ, ಅದರಿಂದ ಬಂದ ಹಣವನ್ನು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಒದಗಿಸಲಾಗುತ್ತಿತ್ತು. ಕ್ಷಯರೋಗದ ಚಿಕಿತ್ಸೆಗೂ ಆ ಕಾಲದ ಜೀವನ ನಿರ್ವಹಣೆಗೂ ಅದರಿಂದ ನೆರವಿತ್ತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಸುಂಕ ರದ್ದಾಯಿತು. ನೆರವು ಒಮ್ಮೆಗೇ ರದ್ದಾಗಲಿಲ್ಲ. ಆದರೆ ಅದಕ್ಕೆಂದೇ ಇದ್ದ ಹಣದ ಮೂಲ ಹೋಯಿತು. ತಮ್ಮದೇ ದುಡಿಮೆಯಿಂದ ಹುಟ್ಟಿದ ನಿಧಿಯ ಫಲಾನುಭವಿಗಳು ಮುಂಗಡಪತ್ರದ ಹಂಚಿಕೆಯನ್ನು ಎದುರು ನೋಡುವವರಾದರು. ಗಂಗೊಳ್ಳಿ, ಹಂಗಾರಕಟ್ಟೆ, ಕೋಡಿಬೆಂಗ್ರೆಗಳ ಮೀನುಗಾರರಿಗಂತೂ ಹಿಡಿದ ಮೀನಿನಲ್ಲಿ ಪಾಲು ಇರುವುದರಿಂದ ಕೂಲಿಯೂ ಇಲ್ಲ, ವಂತಿಗೆಯೂ ಇಲ್ಲ. ಅವರಿಗಿರುವ ವಿಮೆ ಅಪಘಾತಕ್ಕೆ ಸಂಬಂಧಿಸಿದುದು. ಕಡಲಿನಲ್ಲಿ ಸತ್ತರೆ ಅಥವಾ ಅಂಗ ಕಳೆದುಕೊಂಡರೆ ಹಣವುಂಟು, ದಡದಲ್ಲಿ ಕಾಯಿಲೆ ಬಿದ್ದರೆ ಇಲ್ಲ.

ಪರಿಹಾರ: ಗೇರುತೋಪಿನ ಹೊಣೆ

ಮೂರನೆಯ ಬಗೆಯ ಹಣದ ಮೂಲ ಈ ನೆಲದ ಒಂದು ದುರಂತದಲ್ಲಿದೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮವು ಅವಿಭಜಿತ ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡದ ತನ್ನ ನೆಡುತೋಪುಗಳ ಮೇಲೆ 1980ರ ದಶಕದಿಂದ ಸುಮಾರು ಎರಡು ದಶಕ ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿತು. ತೋಪುಗಳ ಸುತ್ತಲೇ ಜನವಸತಿಯಿತ್ತು, ತೆರೆದ ಬಾವಿಗಳಿದ್ದವು, ಹಳ್ಳತೊರೆಗಳಿದ್ದವು. ಗಡಿಯಾಚೆಯ ಕಾಸರಗೋಡು ಜಿಲ್ಲೆಯಲ್ಲಿ ಕೇರಳ ತೋಟಗಾರಿಕಾ ನಿಗಮವು ಇದೇ ಕ್ರಮವನ್ನು ಅನುಸರಿಸಿತ್ತು. ಅಲ್ಲಿನ ಕನ್ನಡ ಪ್ರದೇಶವಾದ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕೃಷಿಕ ಪತ್ರಕರ್ತ ಶ್ರೀಪಡ್ರೆ ಮತ್ತು ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಈ ಅನಾಹುತವನ್ನು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆಯಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸಿಂಪಡಣೆಗೆ ಒಡ್ಡಿಕೊಂಡ ಹುಡುಗರಲ್ಲಿ ಲೈಂಗಿಕ ಬೆಳವಣಿಗೆ ತಡವಾಗುವುದನ್ನು ಅದು ಗುರುತಿಸಿತು. ಕರ್ನಾಟಕದಲ್ಲಿ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಹೋರಾಟದ ಕೇಂದ್ರವಾಯಿತು. ಉಡುಪಿ ಜಿಲ್ಲೆಯ ಬಾಧಿತರ ಪ್ರಶ್ನೆಯನ್ನು ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗ್ ಎತ್ತಿಕೊಂಡರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು.

ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ನಡೆದ ವಿಚಾರಣೆಗಳ ಹಿನ್ನೆಲೆಯಲ್ಲಿ ಬಾಧಿತರಿಗೆ ತಿಂಗಳ ಪರಿಹಾರ ನಿಗದಿಯಾಯಿತು. ವೈಕಲ್ಯ ಶೇಕಡಾ 25ರಿಂದ 60ರ ನಡುವೆ ಇದ್ದರೆ ರೂ. 1,500, ಅದನ್ನು ಮೀರಿದರೆ ರೂ. 3,000 ಎಂದಿದ್ದುದು ಬಳಿಕ ರೂ. 2,000 ಮತ್ತು ರೂ. 4,000ಕ್ಕೆ ಏರಿತು. ಇಲ್ಲಿ ಎರಡು ಅಂಶ ಗಮನಾರ್ಹ. ಪರಿಹಾರದ ಬಾಗಿಲು ಶೇಕಡಾ 25ಕ್ಕೇ ತೆರೆಯುತ್ತದೆ. ಮಾಸಾಶನದ ಬಾಗಿಲು ತೆರೆಯುವುದು ಶೇಕಡಾ 40ಕ್ಕೆ. ಮೊತ್ತವೂ ಮಾಸಾಶನದ ಎರಡು ಪಟ್ಟಿಗಿಂತ ಹೆಚ್ಚು. ಹಾನಿ ಮಾಡಿದವರ ಹೊಣೆಯನ್ನು ಒಪ್ಪಿದಲ್ಲಿ ಅಳತೆಗೋಲೂ ಉದಾರವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಆದರೆ ಈ ಹಣದ ಭದ್ರತೆಯೂ ಪಟ್ಟಿಯೊಂದರ ಮೇಲೆ ನಿಂತಿದೆ. ಯಾರು ಎಂಡೋಸಲ್ಫಾನ್ ಬಾಧಿತರು ಎಂಬುದನ್ನು ತೋಪಿನಿಂದ ಮನೆಗಿರುವ ದೂರ, ರೋಗದ ಲಕ್ಷಣ, ಹುಟ್ಟಿದ ವರ್ಷಗಳನ್ನು ನೋಡಿ ವೈದ್ಯಕೀಯ ತಂಡ ನಿರ್ಧರಿಸಬೇಕು. ಇಂತಹ ಪಟ್ಟಿ ಹೇಗೆ ಕುಗ್ಗಬಹುದೆಂಬುದನ್ನು ಕಾಸರಗೋಡಿನ ಅನುಭವ ಹೇಳುತ್ತದೆ. 2017ರ ವೈದ್ಯಕೀಯ ಶಿಬಿರದ ಬಳಿಕ ಮೊದಲ ಹಂತದಲ್ಲಿ 1,905 ಜನರ ಹೆಸರಿದ್ದ ಪಟ್ಟಿ ಅಂತಿಮವಾಗುವ ಹೊತ್ತಿಗೆ 287ಕ್ಕೆ ಇಳಿಯಿತು. ಕೈಬಿಟ್ಟ ಹೆಸರುಗಳನ್ನು ಸೇರಿಸುವಂತೆ ಒತ್ತಾಯಿಸಿ 2019ರ ಆರಂಭದಲ್ಲಿ ತಾಯಂದಿರು ತಿರುವನಂತಪುರದ ಸಚಿವಾಲಯದ ಮುಂದೆ ಧರಣಿ ಕುಳಿತರು. ಮಕ್ಕಳ ಹೆಸರುಗಳಲ್ಲಿ ಕೆಲವು ಮರಳಿ ಸೇರಿದವು. ಉಳಿದವರ ಹೋರಾಟ ಮುಂದುವರಿಯಿತು. ಅಲ್ಲಿಯದೇ ಇನ್ನೊಂದು ನಿಯಮ ಇನ್ನೂ ಸೂಚ್ಯವಾದುದು. ಹಾಸಿಗೆ ಹಿಡಿದ ಬಾಧಿತರಿಗೆ ತಿಂಗಳಿಗೆ ರೂ. 2,200 ನಿಗದಿಯಾಗಿದ್ದರೂ ಅವರು ಬೇರೆ ಅಂಗವಿಕಲ ಪಿಂಚಣಿ ಪಡೆಯುತ್ತಿದ್ದರೆ ಅದು ರೂ. 1,700 ಆಗುತ್ತಿತ್ತು. ಬಡವನೆಂಬ ಕಾರಣಕ್ಕೆ ಸಿಕ್ಕ ನೆರವನ್ನು ಹಾನಿಗೆ ಸಲ್ಲಬೇಕಾದ ಪರಿಹಾರದಿಂದ ಕಳೆಯಲಾಯಿತು. ಔದಾರ್ಯ ಮತ್ತು ಹೊಣೆಗಳ ನಡುವಿನ ಗೆರೆ ಅಳಿಸಿದಾಗ ನಷ್ಟವಾಗುವುದು ಪಡೆಯುವವರಿಗೇ.

ಪರಿಹಾರದ ಮತ್ತೊಂದು ಮಿತಿ ಕಾಲದ್ದು. ಸಿಂಪಡಣೆಯ ಕಾಲದಲ್ಲಿ ಹುಟ್ಟಿದ ಮಕ್ಕಳು ಈಗ ಪ್ರಾಯಕ್ಕೆ ಬಂದಿದ್ದಾರೆ. ಅವರನ್ನು ಎತ್ತಿ ಆಡಿಸಿದ ತಂದೆತಾಯಿಯರಿಗೆ ವಯಸ್ಸಾಗಿದೆ. ಹಣ ಸಲ್ಲುವುದು ಬಾಧಿತರ ಹೆಸರಿಗೆ. ಅವರು ತೀರಿಕೊಂಡರೆ ತಿಂಗಳ ಹಣ ನಿಲ್ಲುತ್ತದೆ. ಆರೈಕೆಗಾಗಿ ಕೂಲಿಯನ್ನೇ ಬಿಟ್ಟು ಮನೆಯಲ್ಲಿ ಉಳಿದ ತಾಯಿಗೆ ವಂತಿಗೆಯ ಲೆಕ್ಕವೂ ಇರುವುದಿಲ್ಲ. ಹೆಚ್ಚಿನ ಆಸರೆ ಬೇಕಾದವರಿಗಾಗಿ ಆರೈಕೆದಾರರ ಭತ್ಯೆಯನ್ನು 2016ರ ಕಾಯ್ದೆ ಹೆಸರಿಸಿದೆ. ಗೇರುತೋಪಿನ ಅಂಚಿನ ಮನೆಗಳಲ್ಲಿ ಆ ಮಾತಿನ ತೂಕ ಹೆಚ್ಚು.

ಕಡಿತದ ದಾರಿಗಳು

ಈವರೆಗಿನ ವಿವರಗಳನ್ನು ಒಟ್ಟುಗೂಡಿಸಿದರೆ ಕಡಿತದ ನಾಲ್ಕು ದಾರಿಗಳು ಕಾಣುತ್ತವೆ. ಅಳತೆಯ ಕ್ರಮ ಬದಲಾಗಿ ಶೇಕಡಾವಾರು ಇಳಿಯುವುದು ಒಂದು. ದಿನಗಳ, ಆದಾಯದ ಅಥವಾ ದೂರದ ಎಣಿಕೆಯಲ್ಲಿ ಹೆಸರು ಪಟ್ಟಿಯಿಂದ ಹೊರಬೀಳುವುದು ಇನ್ನೊಂದು. ಮೊತ್ತ ನಿಂತಲ್ಲೇ ನಿಂತು ಬೆಲೆ ಏರುವುದು ಮೂರನೆಯದು. ಒಂದು ನೆರವನ್ನು ತೋರಿಸಿ ಇನ್ನೊಂದನ್ನು ಕಳೆಯುವುದು ನಾಲ್ಕನೆಯದು. ಇವುಗಳಲ್ಲಿ ಯಾವುದೂ ಶಾಸನಸಭೆಯ ಚರ್ಚೆಗೆ ಸುಲಭವಾಗಿ ಬರುವುದಿಲ್ಲ.

ಬ್ರಿಟನ್ನಿನ ಇತ್ತೀಚಿನ ವಿದ್ಯಮಾನ ಇದಕ್ಕೆ ತಕ್ಕ ಹೋಲಿಕೆ ಒದಗಿಸುತ್ತದೆ. 2025ರ ಮಾರ್ಚಿನಲ್ಲಿ ಅಲ್ಲಿನ ಸರ್ಕಾರ ಅಂಗವಿಕಲರ ವೈಯಕ್ತಿಕ ಭತ್ಯೆಯ ಅರ್ಹತೆಯನ್ನು ಬಿಗಿಗೊಳಿಸುವ ಪ್ರಸ್ತಾವ ಮಂಡಿಸಿತು. ದಿನನಿತ್ಯದ ಚಟುವಟಿಕೆಗಳಿಗೆ ಕೊಡುವ ಅಂಕಗಳಲ್ಲಿ ಯಾವುದಾದರೂ ಒಂದು ಚಟುವಟಿಕೆಗೆ ಕನಿಷ್ಠ 4 ಅಂಕ ಬಂದಿರಲೇಬೇಕೆಂಬುದು ಅದರ ತಿರುಳು. ಅಲ್ಲಿಯೂ ಪ್ರಶ್ನೆಯಾದುದು ಅಂಕವೇ. ಆದರೆ ಪ್ರಸ್ತಾವವು ಮಸೂದೆಯ ರೂಪದಲ್ಲಿ ಸಂಸತ್ತಿಗೆ ಬಂದುದರಿಂದ ಅಂಗವಿಕಲರ ಸಂಘಟನೆಗಳು ಅದನ್ನು ಓದಲು, ವಿರೋಧಿಸಲು ಸಾಧ್ಯವಾಯಿತು. ಆಡಳಿತ ಪಕ್ಷದವರೇ ಎದುರು ನಿಂತಾಗ ಜುಲೈ 1ರಂದು ಸರ್ಕಾರ ಆ ಭಾಗವನ್ನು ಕೈಬಿಟ್ಟಿತು. ಹೊಸ ಅರ್ಜಿದಾರರ ಅನಾರೋಗ್ಯ ಭತ್ಯೆಯ ಕಡಿತ ಮಾತ್ರ ಉಳಿಯಿತು. ಕುಂದಾಪುರ ಸೀಮೆಯ ಫಲಾನುಭವಿಗೆ ಕಡಿತದ ಸುದ್ದಿ ತಿಳಿಯುವುದು ಬಹುಮಟ್ಟಿಗೆ ಬ್ಯಾಂಕಿನ ಪಾಸುಪುಸ್ತಕದಿಂದ. ಅಷ್ಟರಲ್ಲಿ ನಿರ್ಣಯ ಆಗಿಹೋಗಿರುತ್ತದೆ. ಪ್ರಶ್ನಿಸಬೇಕಾದ ಕಚೇರಿ ಯಾವುದೆಂಬುದೂ ಸ್ಪಷ್ಟವಿರುವುದಿಲ್ಲ.

ಅನರ್ಹರನ್ನು ಗುರುತಿಸುವ ಪರಿಶೀಲನೆಯೇ ಬೇಡವೆಂದು ಇದರ ಅರ್ಥವಲ್ಲ. ಸುಳ್ಳು ಪ್ರಮಾಣಪತ್ರಗಳಿಂದ ನಷ್ಟವಾಗುವುದು ನಿಜವಾದ ಅಂಗವಿಕಲರಿಗೇ. ಪ್ರಶ್ನೆಯಿರುವುದು ಸಾಬೀತುಪಡಿಸುವ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ. ಸಂದೇಹ ಬಂದಾಗ ಹಣವನ್ನು ಮೊದಲು ನಿಲ್ಲಿಸಿ ಆಮೇಲೆ ವಿಚಾರಿಸುವುದು ಒಂದು ಕ್ರಮ. ವಿಚಾರಣೆ ಮುಗಿಯುವವರೆಗೆ ಹಣವನ್ನು ಮುಂದುವರಿಸುವುದು ಇನ್ನೊಂದು ಕ್ರಮ. ಹಾಸಿಗೆಯಲ್ಲಿರುವವರ ಮಟ್ಟಿಗೆ ಈ ಎರಡರ ನಡುವಣ ಅಂತರ ಔಷಧ ಇರುವ ತಿಂಗಳಿಗೂ ಇಲ್ಲದ ತಿಂಗಳಿಗೂ ಇರುವ ಅಂತರ.

ಉಪಸಂಹಾರ

ಮಾಸಾಶನ, ವಂತಿಗೆ, ಪರಿಹಾರ ಎಂಬ ಮೂರು ಹೆಸರುಗಳಲ್ಲಿ ಮೂರು ಸಂಬಂಧಗಳಿವೆ. ಮಾಸಾಶನದಲ್ಲಿ ಪ್ರಭುತ್ವ ಪೋಷಕ. ವಂತಿಗೆಯಲ್ಲಿ ಅದು ನಿಧಿಯ ಪಾಲಕ. ಪರಿಹಾರದಲ್ಲಿ ಅದು ಋಣಿ. ಪೋಷಕನ ಔದಾರ್ಯ ತಗ್ಗಬಹುದು, ಋಣಿಯ ಸಾಲ ತಗ್ಗುವುದಿಲ್ಲ. ಆದುದರಿಂದ ಗೇರುತೋಪಿನ ಬಾಧಿತರಿಗೆ ಸಲ್ಲುವ ಹಣವನ್ನು ಕಲ್ಯಾಣ ಯೋಜನೆಗಳ ಸಾಲಿನಲ್ಲಿ ಸೇರಿಸದೆ ಪ್ರತ್ಯೇಕವಾಗಿಯೇ ಉಳಿಸಿಕೊಳ್ಳುವುದು ಅವಶ್ಯ. ಕಾರ್ಮಿಕರ ಸೌಲಭ್ಯಗಳ ನಿಯಮ ಬದಲಾಗುವಾಗ ವಂತಿಗೆ ತೆತ್ತವರಿಗೆ ಲೆಕ್ಕ ಒಪ್ಪಿಸುವ ಪದ್ಧತಿ ಇರಬೇಕು. ಮಾಸಾಶನದ ವಿಷಯದಲ್ಲಿ 2016ರ ಕಾಯ್ದೆಯ ಶೇಕಡಾ 25ರ ಮಾತನ್ನು ದರಪಟ್ಟಿಗೆ ಇಳಿಸುವುದು, ಪ್ರಮಾಣಪತ್ರ ನೀಡುವ ಶಿಬಿರಗಳನ್ನು ಬೈಂದೂರಿನಂತಹ ದೂರದ ತಾಲೂಕುಗಳಲ್ಲಿ ನಿಯತವಾಗಿ ನಡೆಸುವುದು, ಹಣ ನಿಲ್ಲಿಸುವ ಮೊದಲು ಕಾರಣವನ್ನು ಕನ್ನಡದಲ್ಲಿ ಲಿಖಿತವಾಗಿ ತಿಳಿಸುವುದು ಆಡಳಿತಕ್ಕೆ ಅಸಾಧ್ಯವಾದ ಕಾರ್ಯಗಳಲ್ಲ.

ಸಂಶೋಧಕರ ಪಾಲಿಗೂ ಇಲ್ಲಿ ಕೆಲಸವಿದೆ. ಶಾಸನಗಳ ದತ್ತಿಯ ಲೆಕ್ಕವನ್ನು ಅಕ್ಷರ ಅಕ್ಷರವಾಗಿ ಓದಿದ ವಿದ್ವತ್ ಪರಂಪರೆ ತಾಲೂಕು ಕಚೇರಿಯ ಆದೇಶ, ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಪಟ್ಟಿಯಿಂದ ಕೈಬಿಟ್ಟ ಹೆಸರುಗಳ ವಿವರಗಳನ್ನೂ ಆಕರಗಳೆಂದು ಪರಿಗಣಿಸಬೇಕಾಗಿದೆ. ಎಷ್ಟು ಜನರಿಗೆ ಹಣ ಸಂದಿತು ಎಂಬುದನ್ನು ಇಲಾಖೆಗಳು ವರ್ಷವರ್ಷವೂ ಪ್ರಕಟಿಸುತ್ತವೆ. ಎಷ್ಟು ಜನರಿಗೆ, ಯಾವ ಗೆರೆಯಲ್ಲಿ, ಯಾವ ಕಾರಣಕ್ಕೆ ಅದು ನಿಂತಿತು ಎಂಬ ಇನ್ನೊಂದು ಪಟ್ಟಿ ಸಿದ್ಧವಾಗುವವರೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಈ ಕುಟುಂಬಗಳ ಆತಂಕವನ್ನು ಅಳೆಯುವ ಸಾಧನ ಯಾರ ಬಳಿಯೂ ಇರುವುದಿಲ್ಲ.